ಎತ್ತಿದ ಕೈಯನ್ನು ಇಳಿಸುವ ಬಲ



ದೇವಾಲಯದ ಜೀರ್ಣೋದ್ಧಾರವೆಂದರೆ ಬಿರಿದ ಗೋಡೆಗೆ ಗಾರೆ ಹಚ್ಚಿ, ಸೋರುವ ಮಾಳಿಗೆಯನ್ನು ಭದ್ರಪಡಿಸಿ, ವಿಮಾನದ ಮೇಲೆ ಹೊಸ ಕಲಶವನ್ನು ನಿಲ್ಲಿಸುವುದಷ್ಟೇ ಎಂದು ತಿಳಿಯಲಾಗದು. ಕಲ್ಲಿನ ಗುಡಿ ಮಳೆ ಬಿಸಿಲುಗಳಿಂದ ಬಿರುಕು ಬಿಡುತ್ತದೆ. ಆ ಗುಡಿಗೆ ಬರುವ ಊರು ಅಹಂಕಾರ ಕ್ರೋಧಗಳಿಂದ ಬಿರುಕು ಬಿಡುತ್ತದೆ. ಮೊದಲನೆಯದನ್ನು ಶಿಲ್ಪಿಗಳೂ ಕೆಲಸಗಾರರೂ ಸರಿಪಡಿಸಬಲ್ಲರು. ಎರಡನೆಯದನ್ನು ಸರಿಪಡಿಸಿಕೊಳ್ಳಬೇಕಾದವರು ನಾವೇ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ, ಆಟವಾಗಿ ತೊಡಗಿದುದು ಜಗಳವಾಗಿ ಮುಗಿಯುವುದು ಹೇಗೆ, ಅದನ್ನು ತಡೆಯುವ ಬಲ ಯಾವುದು ಎಂಬ ವಿಷಯದಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಆಲಸನತ್ತಂ ಸೇರಿದಂತೆ ಹೊಸೂರಿನ ಸುತ್ತಮುತ್ತ ಇಂದು ಎಷ್ಟೋ ಮನೆಗಳ ಮಕ್ಕಳು ಬಿಳಿಯ ಉಡುಪು ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಬಿಗಿದು ಕರಾಟೆ ಕಲಿಯಲು ಹೋಗುತ್ತಾರೆ. ಹಿಂದಿನವರಿಗೆ ಗರಡಿಮನೆ ಹೇಗೋ ಇಂದಿನವರಿಗೆ ಇದು ಹಾಗೆ. ಮಕ್ಕಳಿಗೆ ಹೊಡೆದಾಟವನ್ನು ಕಲಿಸುವುದು ಸರಿಯೇ ಎಂದು ಕೆಲವರು ಹಿರಿಯರು ಶಂಕಿಸುವುದುಂಟು. ಶಂಕೆ ನಿರಾಧಾರವೇನೂ ಅಲ್ಲ. ಅಭ್ಯಾಸಕ್ಕೆಂದು ಎದುರುಬದುರಾಗಿ ನಿಂತ ಇಬ್ಬರು ಹುಡುಗರಲ್ಲಿ ಒಬ್ಬನ ಕೈ ಇನ್ನೊಬ್ಬನಿಗೆ ತುಸು ಬಿರುಸಾಗಿ ತಾಗುತ್ತದೆ. ತಾಗಿಸಿಕೊಂಡವನು, ಇವನು ಬೇಕೆಂದೇ ಹೊಡೆದನೆಂದು ಭಾವಿಸಿ ಸ್ವಲ್ಪ ಹೆಚ್ಚಾಗಿಯೇ ಹಿಂದಿರುಗಿಸುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಆ ನಗೆ ಏಟಿಗಿಂತ ಹೆಚ್ಚು ನೋಯಿಸುತ್ತದೆ. ನಾಲ್ಕಾರು ಏಟುಗಳಾಗುವಷ್ಟರಲ್ಲಿ ವರಸೆ ಮರೆತುಹೋಗಿ, ಗುರುಗಳ ಮಾತು ಕಿವಿಗೆ ಬೀಳದೆ, ಸಹಪಾಠಿಯು ವೈರಿಯಾಗಿರುತ್ತಾನೆ. ಕುಸ್ತಿಯ ಕಣದಲ್ಲಿಯೂ ಕಬಡ್ಡಿಯ ಅಂಕಣದಲ್ಲಿಯೂ ನಡೆಯುವುದು ಇದೇ. ಅಣ್ಣತಮ್ಮಂದಿರ ಪಾಲಿನ ಮಾತಿನಲ್ಲಿ ನಡೆಯುವುದೂ ಇದೇ.

ಆದರೆ ದೋಷವು ವಿದ್ಯೆಯದಲ್ಲ. ಕರಾಟೆಯು ಜಪಾನು ದೇಶದ ಓಕಿನಾವಾ ದ್ವೀಪದಲ್ಲಿ ಬೆಳೆದ ವಿದ್ಯೆ. ಆ ದ್ವೀಪದ ಶಾಲಾ ಉಪಾಧ್ಯಾಯರಾಗಿದ್ದ ಫುನಾಕೋಶಿ ಗಿಚಿನ್ ಎಂಬುವರು ೧೯೨೨ರಲ್ಲಿ ಟೋಕಿಯೋ ನಗರಕ್ಕೆ ಬಂದು ಇದನ್ನು ಪ್ರದರ್ಶಿಸಿ, ಅಲ್ಲಿಯೇ ನೆಲೆಸಿ, ೧೯೫೭ರಲ್ಲಿ ಕಾಲವಾಗುವವರೆಗೂ ಬೋಧಿಸಿದರು. ಕರಾಟೆ ಬಲ್ಲವನು ತಾನಾಗಿ ಮೊದಲು ಕೈಮಾಡತಕ್ಕವನಲ್ಲ ಎಂಬುದು ಅವರ ಮುಖ್ಯ ಬೋಧನೆ. ಕಾಮಾಕುರದ ಬೌದ್ಧ ದೇವಾಲಯವೊಂದರಲ್ಲಿರುವ ಅವರ ಸ್ಮಾರಕಶಿಲೆಯ ಮೇಲೆಯೂ ಈ ಅಭಿಪ್ರಾಯವನ್ನೇ ಕೆತ್ತಲಾಗಿದೆ. ಕರಾಟೆ ಎಂಬ ಪದಕ್ಕೆ ಇಂದು ಬರೆಯುವ ಅಕ್ಷರಗಳ ಅರ್ಥ 'ಬರಿಗೈ'. ಅಭ್ಯಾಸವು ನಮಸ್ಕಾರದಿಂದ ತೊಡಗಿ ನಮಸ್ಕಾರದಲ್ಲಿ ಮುಗಿಯುತ್ತದೆ. ಅಭ್ಯಾಸ ಮಾಡುವ ಸ್ಥಳಕ್ಕೆ ಅವರು ಡೋಜೋ ಎನ್ನುತ್ತಾರೆ. ಬುದ್ಧ ಭಗವಾನನು ಕುಳಿತು ಜ್ಞಾನೋದಯವನ್ನು ಪಡೆದ ಸ್ಥಳಕ್ಕೆ ಸಂಸ್ಕೃತದಲ್ಲಿ ಬೋಧಿಮಂಡವೆಂಬ ಹೆಸರಿದೆಯಲ್ಲವೆ? ಅದನ್ನು ಚೀನೀ ಭಾಷೆಗೆ ತಂದಾಗ ಬಳಸಿದ ಪದವೇ ಜಪಾನಿಗೆ ಹೋಗಿ ಡೋಜೋ ಆಯಿತು. ನಮ್ಮ ಗರಡಿಯಲ್ಲಿಯೂ ಮಣ್ಣಿಗೆ ನಮಿಸಿ, ಆಂಜನೇಯನಿಗೆ ಕೈಮುಗಿದೇ ಕಣಕ್ಕೆ ಇಳಿಯುವುದು. ಎರಡೂ ಕಡೆಯ ಹಿರಿಯರು, ಹೊಡೆಯುವ ಸ್ಥಳವು ದೇವರ ಸ್ಥಳವೂ ಆಗಿರಬೇಕೆಂದು ಬಗೆದರು.

ನಮಸ್ಕಾರ ಮಾಡಿ ತೊಡಗಿದವರಲ್ಲಿಯೂ ಏಟು ಏರುತ್ತ ಹೋಗುವುದೇತಕ್ಕೆ? ಇದಕ್ಕೆ ಒಂದು ಉತ್ತರವನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ೨೦೦೩ರಲ್ಲಿ ಪ್ರಕಟಿಸಿದರು. ಇಬ್ಬರನ್ನು ಕುಳ್ಳಿರಿಸಿ, ಯಂತ್ರದ ಮೂಲಕ ಒಬ್ಬರ ಬೆರಳನ್ನು ಇನ್ನೊಬ್ಬರು ಸರದಿಯ ಮೇಲೆ ಒತ್ತುವಂತೆ ಏರ್ಪಡಿಸಿದರು. ನಿಮಗೆ ಎಷ್ಟು ಬಲ ಬಿದ್ದಿತೋ ಅಷ್ಟನ್ನೇ ಹಿಂದಿರುಗಿಸಿರಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂಬುದು ಇಬ್ಬರಿಗೂ ಕೊಟ್ಟ ಆಜ್ಞೆ. ಅಲ್ಲಿ ಹಳೆಯ ದ್ವೇಷವಿರಲಿಲ್ಲ, ಗೆಲವು ಸೋಲುಗಳಿರಲಿಲ್ಲ. ಆದರೂ ಪ್ರತಿ ಸರದಿಯಲ್ಲಿ ಒತ್ತುವ ಬಲವು ಸರಾಸರಿ ಶೇಕಡಾ ೩೮ರಷ್ಟು ಏರುತ್ತ ಹೋಯಿತು. ಇಬ್ಬರೂ ತಾವು ಸಮವಾಗಿಯೇ ಕೊಡುತ್ತಿದ್ದೇವೆಂದು ನಂಬಿದ್ದರು. ಕಾರಣವೇನೆಂದರೆ, ನಾವೇ ಮಾಡುವ ಕ್ರಿಯೆಯನ್ನು ನಮ್ಮ ಮೆದುಳು ಮೊದಲೇ ನಿರೀಕ್ಷಿಸಿರುತ್ತದೆ. ಆದುದರಿಂದ ನಾವು ಹಾಕುವ ಬಲವು ನಮಗೆ ಇರುವುದಕ್ಕಿಂತ ಹಗುರವಾಗಿ ತೋರುತ್ತದೆ. ಹೊರಗಿನಿಂದ ಬಂದದ್ದು ಪೂರ್ಣ ಭಾರದಿಂದ ತಾಗುತ್ತದೆ.

ಲೆಕ್ಕ ಬರೆಯುವುದೇ ಕಸುಬಾದವನಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ತನಗೆ ಬರಬೇಕಾದುದನ್ನು ದಪ್ಪಕ್ಷರದಲ್ಲಿಯೂ ತಾನು ಕೊಡಬೇಕಾದುದನ್ನು ಸಣ್ಣಕ್ಷರದಲ್ಲಿಯೂ ಬರೆದುಕೊಂಡಿರುವ ಇಬ್ಬರ ಪುಸ್ತಕಗಳು ಎಂದಿಗಾದರೂ ತಾಳೆಯಾದಾವೆ? ಮೇಲಾಗಿ ಇದು ಚಕ್ರಬಡ್ಡಿಯ ಲೆಕ್ಕ. ಶೇಕಡಾ ೩೮ರಂತೆ ಐದು ಸರದಿಗಳು ಏರಿದರೆ ಒಂದು ತೂಕದ ಏಟು ಐದು ತೂಕದ ಏಟಾಗುತ್ತದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೂ ಬಾಕಿ ಐದರಷ್ಟಾಗಿದೆ. ಕೋಪವಿಲ್ಲದವರ ನಡುವೆಯೇ ಹೀಗಾದರೆ, ಅದರ ಮೇಲೆ ಅಹಂಕಾರವು ಸೇರಿ, ನೋಡುವವರ ಕೂಗು ಸೇರಿದಾಗ ಏನಾದೀತು?

ಏನಾಯಿತೆಂಬುದನ್ನು ಮಹಾಭಾರತವು ಹೇಳುತ್ತದೆ. ಕುರುಕ್ಷೇತ್ರದ ಯುದ್ಧಕ್ಕೆ ಕಾರಣವೇನೆಂದು ಕೇಳಿದರೆ ನಾವು ಜೂಜನ್ನು ಹೇಳುತ್ತೇವೆ, ರಾಜ್ಯದಾಸೆಯನ್ನು ಹೇಳುತ್ತೇವೆ. ವ್ಯಾಸ ಮಹರ್ಷಿಗಳು ಅದಕ್ಕೂ ಹಿಂದೆ ಹೋಗಿ ಮಕ್ಕಳ ಆಟವನ್ನು ವರ್ಣಿಸುತ್ತಾರೆ. ಬಾಲಕ ಭೀಮಸೇನನು ಓಟದಲ್ಲಿ, ಊಟದಲ್ಲಿ, ಹೊಡೆದಾಟದಲ್ಲಿ ಎಲ್ಲರನ್ನೂ ಮೀರಿದವನು. ಕೌರವ ಬಾಲಕರ ಜುಟ್ಟು ಹಿಡಿದು ಎಳೆಯುವನು; ನೀರಿನಲ್ಲಿ ಅವರನ್ನು ಅದುಮಿ ಹಿಡಿಯುವನು; ಹಣ್ಣಿಗಾಗಿ ಅವರು ಮರವೇರಿದರೆ ಆ ಮರವನ್ನು ಕಾಲಿನಿಂದ ಒದ್ದು ಹಣ್ಣುಗಳೊಡನೆ ಅವರನ್ನೂ ಕೆಡವುವನು. ಇದನ್ನು ಅವನು ದ್ರೋಹಬುದ್ಧಿಯಿಂದ ಮಾಡಲಿಲ್ಲ, ಹುಡುಗತನದಿಂದ ಮಾಡಿದನು ಎಂದು ಮಹರ್ಷಿಗಳು ಸ್ಪಷ್ಟಪಡಿಸುತ್ತಾರೆ. ಭೀಮನಿಗೆ ಅದು ಹೂವಿನಷ್ಟು ಹಗುರ. ಮರದಿಂದ ಬಿದ್ದವರಿಗೆ ಬಂಡೆಯಷ್ಟು ಭಾರ. ಭೀಮನು ಮರೆತನು, ದುರ್ಯೋಧನನು ಬರೆದಿಟ್ಟನು. ಅವನು ಹಿಂದಿರುಗಿಸಿದುದು ಜುಟ್ಟಿನ ಎಳೆತವನ್ನಲ್ಲ, ಅನ್ನದಲ್ಲಿ ವಿಷವನ್ನು. ದುರ್ಯೋಧನನ ಪಾಪವನ್ನು ನಾನು ಸಮರ್ಥಿಸುತ್ತಿಲ್ಲ. ಬಲಿಷ್ಠನಾದವನು ತನ್ನ ಕೈಯ ಭಾರವನ್ನು ತಾನು ಅರಿಯನು ಎಂಬ ಮಾತನ್ನು ಮಾತ್ರ ನಾವು ಮರೆಯಬಾರದು.

ಆ ಬಾಲಕರು ಬೆಳೆದು ದ್ರೋಣಾಚಾರ್ಯರಲ್ಲಿ ವಿದ್ಯೆ ಮುಗಿಸಿದರು. ಅವರ ಪರಿಣತಿಯನ್ನು ಪೌರಜನರಿಗೆ ತೋರಿಸಲು ಹಸ್ತಿನಾವತಿಯಲ್ಲಿ ರಂಗಭೂಮಿ ಸಿದ್ಧವಾಯಿತು. ಕಣ್ಣಿಲ್ಲದ ಧೃತರಾಷ್ಟ್ರನಿಗೆ ವಿದುರನು ನಡೆಯುವುದನ್ನೆಲ್ಲ ಹೇಳುತ್ತಿದ್ದನು. ಭೀಮ ದುರ್ಯೋಧನರು ಗದೆಗಳನ್ನು ಹಿಡಿದು ಇಳಿದರು. ಅದು ಪ್ರದರ್ಶನ, ಅಲ್ಲಿ ಗೆಲ್ಲುವುದಕ್ಕೆ ರಾಜ್ಯವಿರಲಿಲ್ಲ. ಆದರೆ ನೆರೆದ ಜನ ಎರಡಾಗಿ ಒಡೆಯಿತು. ಒಂದು ಕಡೆ ಭೀಮನಿಗೆ ಜಯಕಾರ, ಇನ್ನೊಂದು ಕಡೆ ಕುರುರಾಜನಿಗೆ ಜಯಕಾರ. ಆ ಕೂಗಿನಲ್ಲಿ ಆಟವು ನಿಜವಾದ ಕಾದಾಟವಾಗುವುದನ್ನು ದ್ರೋಣರು ಕಂಡರು. ಒಡನೆಯೇ ಮಗನಾದ ಅಶ್ವತ್ಥಾಮನನ್ನು ಕರೆದು ಇಬ್ಬರನ್ನೂ ಬಿಡಿಸೆಂದರು. ಅಶ್ವತ್ಥಾಮನು ಎತ್ತಿದ ಎರಡು ಗದೆಗಳ ನಡುವೆ ಹೋಗಿ ನಿಂತು ತಡೆದನು. ಗುರುವಿನ ಜಾಗರೂಕತೆ, ನಡುವೆ ನಿಲ್ಲುವವನ ಧೈರ್ಯ ಇವೆರಡೂ ಆ ದಿನ ರಂಗಭೂಮಿಯನ್ನು ರಣಭೂಮಿಯಾಗದಂತೆ ಉಳಿಸಿದವು.

ಹೊಡೆದಾಡುವವನಿಗೆ ತನ್ನ ಏಟಿನ ತೂಕ ತಿಳಿಯದಾದುದರಿಂದಲೇ ಹಿರಿಯರು ಆ ತೂಕವನ್ನು ನೋಡಲು ಮೂರನೆಯವನನ್ನು ನೇಮಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುತ್ತ ಬಂದಿರುವ ವಜ್ರಮುಷ್ಟಿ ಕಾಳಗದ ವಿಷಯವನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿಯನ್ನು ಧರಿಸಿ, ಮಣ್ಣಿನ ಕಣದಲ್ಲಿ ಎದುರಾಗುತ್ತಾರೆ. ನೋಡುವವರ ಎದೆ ನಡುಗುವಂತಹ ಕಾಳಗ ಅದು. ಆದರೆ ಅದರ ನಿಯಮವನ್ನು ನೋಡಿರಿ: ಒಬ್ಬನ ತಲೆಯಿಂದ ಮೊದಲ ರಕ್ತ ತೋರಿದೊಡನೆ ಕಾಳಗ ಮುಗಿಯಿತು. ಏಟು ತಿಂದವನು ಅದನ್ನು ಹಿಂದಿರುಗಿಸುವಂತಿಲ್ಲ. ಹೊಡೆದವನು ಎರಡನೆಯದನ್ನು ಸೇರಿಸುವಂತಿಲ್ಲ. ಲೆಕ್ಕವು ಅಲ್ಲಿಗೆ ಚುಕ್ತಾ. ಕರಾಟೆಯಲ್ಲಿಯೂ ನಡುವೆ ನಿಂತವರು 'ಯಾಮೆ' ಎಂದೊಡನೆ, ಎಂದರೆ ನಿಲ್ಲಿಸಿರಿ ಎಂದೊಡನೆ, ಎತ್ತಿದ ಕಾಲಾಗಲಿ ಕೈಯಾಗಲಿ ಇಳಿಯಬೇಕು. ಈ ಒಂದು ಮಾತಿಗೆ ಕಿವಿಗೊಡುವುದೇ ಆ ವಿದ್ಯೆಯಲ್ಲಿ ಕಲಿಯಬೇಕಾದ ಅತ್ಯಂತ ಕಠಿನವಾದ ವರಸೆ.

ಹಾಗಾದರೆ ನಡುವೆ ನಿಲ್ಲುವವನೊಬ್ಬನಿದ್ದರೆ ಸಾಕೇ? ಸಾಲದು. ರಂಗಭೂಮಿಯಲ್ಲಿ ಇತರರ ಗದೆಗಳನ್ನು ತಡೆದ ಆ ಅಶ್ವತ್ಥಾಮನೇ ಮುಂದೆ ಏನು ಮಾಡಿದನು? ತಂದೆಯ ವಧೆಯಿಂದ ಕ್ರೋಧಾಂಧನಾಗಿ, ಯುದ್ಧದ ಹದಿನೆಂಟನೆಯ ದಿನದ ರಾತ್ರಿ ಪಾಂಡವರ ಶಿಬಿರವನ್ನು ಹೊಕ್ಕು, ಮಲಗಿದ್ದವರನ್ನು ಕೊಂದನು; ದ್ರೌಪದಿಯ ಐವರು ಮಕ್ಕಳೂ ಅವರಲ್ಲಿ ಸೇರಿದರು. ಪಾಂಡವರು ಬೆನ್ನಟ್ಟಿ ಬಂದಾಗ ಹುಲ್ಲುಕಡ್ಡಿಯೊಂದನ್ನು ಮಂತ್ರಿಸಿ ಬ್ರಹ್ಮಶಿರೋಸ್ತ್ರವನ್ನು ಬಿಟ್ಟನು. ಅದನ್ನು ಶಮನಗೊಳಿಸಲು ಅರ್ಜುನನೂ ಅದೇ ಅಸ್ತ್ರವನ್ನು ಬಿಡಬೇಕಾಯಿತು. ಲೋಕವೇ ಉರಿಯುವಂತಾದಾಗ ವ್ಯಾಸ ನಾರದರು ಎರಡು ಅಸ್ತ್ರಗಳ ನಡುವೆ ನಿಂತು, ಹಿಂದೆಗೆದುಕೊಳ್ಳಿರಿ ಎಂದರು. ಅರ್ಜುನನು ಹಿಂದೆಗೆದುಕೊಂಡನು. ಅಶ್ವತ್ಥಾಮನಿಗೆ ಸಾಧ್ಯವಾಗಲಿಲ್ಲ. ಬಿಡುವ ಮಂತ್ರ ಇಬ್ಬರಿಗೂ ತಿಳಿದಿತ್ತು. ಮನಸ್ಸನ್ನು ಗೆದ್ದವನಿಗೆ ಮಾತ್ರ ಉಪಸಂಹಾರವು ವಶವಾಗಿತ್ತು. ಇಳಿಸಲಾಗದ ಆ ಅಸ್ತ್ರವು ಕಡೆಗೆ ಬಿದ್ದುದು ಉತ್ತರೆಯ ಗರ್ಭದ ಮೇಲೆ. ಶ್ರೀಕೃಷ್ಣ ಪರಮಾತ್ಮನ ಕೃಪೆಯಿಲ್ಲದಿದ್ದರೆ ಪರೀಕ್ಷಿತನು ಬದುಕುತ್ತಿರಲಿಲ್ಲ. ದೊಡ್ಡವರ ಕ್ರೋಧದ ಬಾಕಿಯನ್ನು ತೀರಿಸಬೇಕಾಗಿ ಬರುವುದು ಹೀಗೆ ಇನ್ನೂ ಹುಟ್ಟದ ಮಕ್ಕಳು.

ಶ್ರೀಮದ್ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕ್ರೋಧವು ಮನುಷ್ಯನನ್ನು ಇಳಿಸುವ ಮೆಟ್ಟಿಲುಗಳನ್ನು ಭಗವಂತನು ಎಣಿಸುವಾಗ, ನೆನಪು ಕೆಡುವುದನ್ನು ಬುದ್ಧಿ ಕೆಡುವುದಕ್ಕಿಂತ ಮೊದಲು ಇಟ್ಟಿದ್ದಾನೆ. ಇದು ಬಹಳ ವಿಚಾರ ಮಾಡತಕ್ಕ ವಿಷಯ. ಯಾವ ನೆನಪು ಕೆಡುತ್ತದೆ? ಎದುರಿಗಿರುವವನು ಯಾರೆಂಬ ನೆನಪು. ಇವನು ನನ್ನ ಸಹಪಾಠಿ, ನನ್ನ ಅಣ್ಣ, ನಮ್ಮ ಪಕ್ಕದ ಹೊಲದವನು, ಇವನ ಮನೆಯ ಮದುವೆಯಲ್ಲಿ ನಾನು ಉಂಡಿದ್ದೇನೆ ಎಂಬ ನೆನಪು ಅಳಿದುಹೋಗಿ, ಈಗ ಬಿದ್ದ ಒಂದು ಏಟು ಮಾತ್ರ ಕಣ್ಣ ಮುಂದೆ ಉಳಿಯುತ್ತದೆ. ಕ್ರೋಧವು ಕಿಡಿಯಾದರೆ ಅಹಂಕಾರವು ಒಣಗಿದ ಸೌದೆ. ಜನರು ನೋಡುತ್ತಿದ್ದಾರಲ್ಲಾ ಎಂಬ ಒಂದೇ ಆಲೋಚನೆಯಿಂದ, ಆರಿಹೋಗಬಹುದಾಗಿದ್ದ ಕಿಡಿ ಕಾಡ್ಗಿಚ್ಚಾಗುತ್ತದೆ.

ಇದಕ್ಕೆ ಪ್ರತಿಯಾಗಿ, ಗೆಲ್ಲುವ ಕ್ಷಣದಲ್ಲಿಯೇ ಕೈಯಿಳಿಸಿದ ಮಹಾಪುರುಷನೊಬ್ಬನು ಕನ್ನಡಿಗರ ಕಣ್ಣಿಗೆ ಸದಾ ಕಾಣುವಂತೆ ನಿಂತಿದ್ದಾನೆ. ಆದಿಕವಿ ಪಂಪನು ಕ್ರಿ.ಶ. ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಕಥೆ ಬರುತ್ತದೆ. ಅಣ್ಣತಮ್ಮಂದಿರ ಛಲಕ್ಕೆ ಸೈನ್ಯಗಳು ಬಲಿಯಾಗಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಧರ್ಮಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ತಮ್ಮನೇ ಗೆದ್ದನು. ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಮೇಲಕ್ಕೆತ್ತಿದನು. ನೆಲಕ್ಕೆ ಅಪ್ಪಳಿಸಿದರೆ ತಡೆಯುವವರಿಲ್ಲ. ಅಂತಹ ಸಮಯದಲ್ಲಿ, ಇವನು ಹಿರಿಯನು, ಚಕ್ರವರ್ತಿಯು ಎಂಬ ನೆನಪು ಅವನಿಗೆ ಕೆಡಲಿಲ್ಲ, ಮೆಲ್ಲನೆ ಇಳಿಸಿದನು. ಸೋತ ಅವಮಾನದಿಂದ ಭರತನು ಧರ್ಮಯುದ್ಧದ ಮಾತನ್ನು ಮೀರಿ ಚಕ್ರರತ್ನವನ್ನು ಪ್ರಯೋಗಿಸಿದರೂ ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಆಗ ಬಾಹುಬಲಿಯು ತಿರುಗಿ ಹೊಡೆಯಲಿಲ್ಲ. ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ಹೋದನು. ಚಾವುಂಡರಾಯನು ೯೮೧ರ ಸುಮಾರಿನಲ್ಲಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ೫೮ ಅಡಿಗಳ ಮೂರ್ತಿಯನ್ನು ನೋಡಿದವರು ಒಂದು ವಿಷಯವನ್ನು ಗಮನಿಸಿರಬಹುದು: ಚಕ್ರವರ್ತಿಯನ್ನೇ ಎತ್ತಿದ ಆ ಎರಡು ತೋಳುಗಳು ಬರಿದಾಗಿ, ನೇರವಾಗಿ ಕೆಳಗೆ ಇಳಿದಿವೆ, ಅವುಗಳ ಮೇಲೆ ಬಳ್ಳಿ ಹಬ್ಬಿದೆ. ಸಾವಿರ ವರ್ಷಗಳಿಂದ ಲೋಕವು ಬಂದು ನಮಸ್ಕರಿಸುತ್ತಿರುವುದು ಇಳಿದ ಆ ಕೈಗಳಿಗೆ. ಬರಿಗೈ ಎಂಬ ಮಾತಿಗೆ ಇದಕ್ಕಿಂತ ಹಿರಿದಾದ ಅರ್ಥವುಂಟೆ?

ಹೀಗೆ ಹೇಳಿದರೆ, ಹೊಡೆಸಿಕೊಂಡು ಸುಮ್ಮನಿರುವುದೇ ಧರ್ಮವೇ ಎಂದು ತರುಣರು ಕೇಳಬಹುದು. ಹಾಗಲ್ಲ. ಎತ್ತಲಾರದ ಕೈಯನ್ನು ಇಳಿಸಿದೆನೆಂದು ಹೇಳಿಕೊಳ್ಳುವುದರಲ್ಲಿ ಯಾವ ಹಿರಿಮೆಯೂ ಇಲ್ಲ. ತಮಿಳರ ವೇದವೆನಿಸಿದ ತಿರುಕ್ಕುರಳಿನಲ್ಲಿ 'ವೆಗುಳಾಮೈ', ಎಂದರೆ ಸಿಟ್ಟಾಗದಿರುವಿಕೆ, ಎಂಬ ಒಂದು ಅಧಿಕಾರವೇ ಇದೆ. ಎರಡು ನುಡಿಗಳನ್ನೂ ಬಲ್ಲ ನಮ್ಮ ಊರಿನವರಿಗೆ ಅದು ಹೊಸದಲ್ಲ. ಸಿಟ್ಟು ಫಲಿಸುವ ಕಡೆಯಲ್ಲಿ ತಡೆದುಕೊಂಡಾಗಲೇ ಅದಕ್ಕೆ ಸಂಯಮವೆಂಬ ಹೆಸರು ಎಂಬುದು ತಿರುವಳ್ಳುವರ್ ಅವರ ಅಭಿಪ್ರಾಯ. ಆದುದರಿಂದ ನಮ್ಮ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಬಲವನ್ನು ಅವಶ್ಯವಾಗಿ ಗಳಿಸಲಿ. ದುರ್ಬಲರ ಮೇಲೆ ಕೈಮಾಡುವವನನ್ನು ತಡೆಯುವ ಶಕ್ತಿ ಅವರಿಗಿರಲಿ. ತಡೆಯುವುದು ಬೇರೆ, ತೀರಿಸಿಕೊಳ್ಳುವುದು ಬೇರೆ. ತಡೆಯುವವನು ಅಪಾಯ ಮುಗಿದೊಡನೆ ನಿಲ್ಲುತ್ತಾನೆ. ತೀರಿಸಿಕೊಳ್ಳುವವನಿಗೆ ನಿಲ್ಲುವ ಸ್ಥಳವೇ ಇಲ್ಲ. ಅವನ ಲೆಕ್ಕದಲ್ಲಿ ಯಾವಾಗಲೂ ಇನ್ನೊಂದು ಏಟು ಬಾಕಿ ಇರುತ್ತದೆ.

ಇದನ್ನು ನಡತೆಗೆ ತರುವ ಬಗೆಯೂ ಸರಳವೇ ಆಗಿದೆ. ಏಟು ಬಿದ್ದಾಗ, ನನಗೆ ತೋರುತ್ತಿರುವುದಕ್ಕಿಂತ ಇದು ಹಗುರವಾಗಿ ಬಂದಿರಬೇಕು ಎಂದು ಒಂದು ಉಸಿರಿನಷ್ಟು ಹೊತ್ತು ಎಣಿಸಬೇಕು. ಕೊಟ್ಟಾಗ, ನನಗೆ ತೋರುತ್ತಿರುವುದಕ್ಕಿಂತ ಇದು ಭಾರವಾಗಿ ಬಿದ್ದಿರಬೇಕು ಎಂದೆಣಿಸಿ, ತಮ್ಮಾ, ನೋವಾಯಿತೆ ಎಂದು ಕೇಳಬೇಕು. ಮಾತಿನ ಏಟಿಗೂ ಇದೇ ನಿಯಮ. ಸಮವಾಗಿ ತೀರಿಸುತ್ತೇನೆಂದು ಹೊರಟವನು ಹೆಚ್ಚಾಗಿಯೇ ತೀರಿಸುತ್ತಾನಾದುದರಿಂದ, ಶಾಂತಿಯನ್ನು ಬಯಸುವವನು ಕಡಿಮೆಯಾಗಿಯೇ ತೀರಿಸಬೇಕು. ತಂದೆತಾಯಿಗಳು ಮಕ್ಕಳ ಪಂದ್ಯವನ್ನು ನೋಡುವಾಗ ಹಸ್ತಿನಾವತಿಯ ಆ ಎರಡು ಪಕ್ಷಗಳ ಕೂಗನ್ನು ನೆನೆಯಬೇಕು. ನಾವು ಬಿಡು, ಹೊಡೆ ಎಂದು ಕೂಗಿ, ಅನಂತರ ಮಕ್ಕಳು ಕೆಟ್ಟರೆಂದು ದುಃಖಿಸುವುದು ನ್ಯಾಯವಲ್ಲ.

ದೇವರ ಕಾರ್ಯದಲ್ಲಿಯೂ ಈ ಎಚ್ಚರ ಬೇಕು. ಕುಂಭಾಭಿಷೇಕದಲ್ಲಿ ಮೊದಲ ತೀರ್ಥ ಯಾರಿಗೆ, ಪರಿವಟ್ಟ ಯಾರ ತಲೆಗೆ ಮುಂಚೆ, ಉಭಯದಾರರ ಕಲ್ಲಿನಲ್ಲಿ ಯಾರ ಹೆಸರು ಮೇಲೆ ಎಂಬ ಸಣ್ಣ ಮಾತಿನಿಂದ ತೊಡಗಿ, ಮನೆಮನೆಗಳ ನಡುವೆ ಕೊಡುಕೊಳ್ಳುವಿಕೆ ನಿಂತುಹೋಗುವ ಊರುಗಳುಂಟು. ಅಂತಹ ಊರಿನಲ್ಲಿ ಗೋಪುರ ಎದ್ದು ನಿಂತರೂ ಜೀರ್ಣೋದ್ಧಾರ ಮುಗಿಯಿತೆನ್ನಲಾಗದು. ನನಗೆ ಮರ್ಯಾದೆ ಎರಡನೆಯದಾಗಿ ಬಂದಿತಲ್ಲಾ ಎಂದು ಕುದಿಯುವವನು, ತನಗಿಂತ ಹಿಂದೆ ನಿಂತಿರುವ ನೂರು ಮಂದಿಯನ್ನು ಒಮ್ಮೆ ತಿರುಗಿ ನೋಡಲಿ. ಅವರಲ್ಲಿ ಕಲ್ಲು ಹೊತ್ತವರೂ ಇರುತ್ತಾರೆ.

ಕೊನೆಯದಾಗಿ ಪರಮೇಶ್ವರನ ಲೀಲೆಯೊಂದನ್ನು ನೆನೆಯೋಣ. ಪಾಶುಪತಾಸ್ತ್ರವನ್ನು ಬೇಡಿ ತಪಸ್ಸಿಗೆ ಕುಳಿತ ಅರ್ಜುನನ ಎದುರಿಗೆ ಶಿವನು ಬೇಡನಾಗಿ ಬಂದನು. ಇಬ್ಬರ ಬಾಣಗಳೂ ಒಂದೇ ಹಂದಿಗೆ ನಾಟಿದವು. ನನ್ನದು ನನ್ನದು ಎಂಬ ವಾದ ಬೆಳೆಯಿತು. ಬಾಣಗಳು ತೀರಿದವು, ಬಿಲ್ಲಿನಿಂದ ಹೊಡೆದದ್ದಾಯಿತು, ಕಡೆಗೆ ಮುಷ್ಟಿಯುದ್ಧಕ್ಕೆ ಬಂದಿತು. ಬಳಲಿದ ಅರ್ಜುನನು ಕೈಯಿಳಿಸಿ, ಮಣ್ಣಿನಿಂದ ಲಿಂಗವನ್ನು ಮಾಡಿ, ಅದಕ್ಕೆ ಹೂಮಾಲೆಯನ್ನು ಅರ್ಪಿಸಿದನು. ಆ ಮಾಲೆಯು ಬೇಡನ ತಲೆಯ ಮೇಲೆ ಕಂಡಿತು! ಇಷ್ಟು ಹೊತ್ತು ತಾನು ಹೊಡೆಯುತ್ತಿದ್ದುದು ತನ್ನ ಇಷ್ಟದೈವವನ್ನೇ ಎಂದು ಅವನಿಗೆ ಆಗ ತಿಳಿಯಿತು. ಹೊಡೆಯುವವರೆಗೂ ಕಾಣದ ದೇವರು ಕೈಯಿಳಿಸಿದ ಮೇಲೆ ಕಂಡನು. ನಾವು ಸಿಟ್ಟಿನಿಂದ ನೋಡುವ ಪ್ರತಿಯೊಬ್ಬನ ತಲೆಯ ಮೇಲೂ, ನಾವು ಗುಡಿಯಲ್ಲಿ ಅರ್ಪಿಸಿದ ಹೂವೇ ಇರುತ್ತದೆ; ಕೈಯಿಳಿಸಿದರೆ ಮಾತ್ರ ಅದು ಕಾಣುತ್ತದೆ.

ನಮ್ಮ ಹೊಸೂರಿನ ಬೆಟ್ಟದ ಮೇಲೆ ಚಂದ್ರಚೂಡೇಶ್ವರನಾಗಿ ನೆಲಸಿರುವ ಸ್ವಾಮಿಯ ಹಣೆಯಲ್ಲಿ ಲೋಕವನ್ನು ಸುಡಬಲ್ಲ ಕಣ್ಣಿದೆ. ಅದರ ಮೇಲೆಯೇ ತಂಪಾದ ಚಂದ್ರಕಲೆಯಿದೆ. ಬೆಂಕಿಯ ಕಣ್ಣನ್ನು ಮುಚ್ಚಿಟ್ಟು, ಬೆಳದಿಂಗಳನ್ನು ತೋರಿಸಿಕೊಂಡಿರುವುದರಿಂದಲೇ ಆತನು ಶಂಕರನು, ಶಿವನು. ಆ ಸ್ವಾಮಿಯು ನಮ್ಮ ಊರಿನ ಮಕ್ಕಳ ತೋಳುಗಳಿಗೆ ಕಸುವನ್ನೂ, ಆ ಕಸುವನ್ನು ಹಿಡಿದು ನಿಲ್ಲಿಸುವ ತಂಪನ್ನೂ ಕರುಣಿಸಲಿ. ನವೀಕೃತವಾದ ಈ ದೇವಾಲಯದ ನೆರಳಿನಲ್ಲಿ ಹಳೆಯ ಬಾಕಿಗಳೆಲ್ಲವೂ ಚುಕ್ತಾ ಆಗಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.

ಸರ್ವರಿಗೂ ಮಂಗಳವಾಗಲಿ.